ಬಾಲದ ಕೊಬ್ಬು ಹಚ್ಚಿದ ತಂತಿ

ತಂತಿ ಮುರಿದವಳು ನಾನೇ. ಗಾಳಿಗೆ ಮುರಿಯಿತು ಅಂತ ಮನೆಯವರಿಗೆ ಹೇಳಿದೆ, ಅವರು ನಂಬಿದರು. ನಮ್ಮ ಚಳಿಗಾಲದ ಬೀಡಿನಲ್ಲಿ ಗಾಳಿ ಏನು ಮಾಡಿದರೂ ಯಾರೂ ಆಶ್ಚರ್ಯಪಡುವುದಿಲ್ಲ. ಹೋದ ವರ್ಷ ಕುರಿದೊಡ್ಡಿಯ ತಗಡನ್ನೇ ಎತ್ತಿಕೊಂಡು ಹೋಗಿ ಹೊಳೆಯ ಆಚೆ ಒಗೆದಿತ್ತು.

ಉಣ್ಣೆ ಕತ್ತರಿಯಲ್ಲಿ ಕಚಕ್ಕನೆ ಕತ್ತರಿಸಬಹುದಿತ್ತು. ಆದರೆ ನನ್ನ ಸೊಸೆ ಜೂರಾ ಟೆಲಿಫೋನ್ ಲೈನ್‌ಮನ್‌ನ ಮಗಳು. ಕತ್ತರಿಸಿದ ತುದಿ ಯಾವುದು, ಮುರಿದ ತುದಿ ಯಾವುದು ಅಂತ ದೂರದಿಂದಲೇ ಹೇಳುತ್ತಾಳೆ. ಅದಕ್ಕೇ ಸೂರಿನ ಕೆಳಗೆ ಹಾಲಿನ ಕ್ಯಾನು ಬೋರಲು ಹಾಕಿ, ಅದರ ಮೇಲೆ ಹತ್ತಿ, ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಬಗ್ಗಿಸಿ ಮುರಿದೆ. ಅರವತ್ತೇಳನೇ ವಯಸ್ಸಿನಲ್ಲಿ, ಬೆರಳು ಮರಗಟ್ಟುವ ಚಳಿಯಲ್ಲಿ, ಕಳ್ಳಿಯ ಹಾಗೆ. ಯಾರಿಗೆ ಬೇಕಿತ್ತು ಈ ಕೆಲಸ!

ನಾವಿರುವುದು ಬಾವಿಯಂಥ ಕಣಿವೆ. ರೇಡಿಯೋಕ್ಕೆ ಅದರದೇ ಕಡ್ಡಿ ಎಷ್ಟೆತ್ತರ ಎಳೆದರೂ ಬರುವುದು ಬರೀ ಸರಸರ. ಅದಕ್ಕೆ ನನ್ನ ಗಂಡ ಮಂಬೆತಾಲಿ ಎಷ್ಟೋ ವರ್ಷದ ಹಿಂದೆಯೇ ಮೇಲಿನ ದಿಣ್ಣೆಯ ಕಂಬದಿಂದ ಮನೆಯ ಸೂರಿಗೆ ಉದ್ದಕ್ಕೆ ತಾಮ್ರದ ತಂತಿ ಕಟ್ಟಿದ್ದ. ಸೂರಿನ ಹತ್ತಿರ ಅದಕ್ಕೆ ಇನ್ನೊಂದು ತುಂಡು ಸೇರಿ ಕಿಟಕಿಯ ಸಂದಿನಿಂದ ಒಳಗೆ ರೇಡಿಯೋಕ್ಕೆ ಬರುತ್ತದೆ. ದಿನಾ ಮಧ್ಯಾಹ್ನ ಜಿಲ್ಲಾ ರೇಡಿಯೋದವರು ಬೆಟ್ಟದ ಮೇಲಿನ ಕುರಿಗಾರರಿಗೆ ಸುದ್ದಿ ಓದುತ್ತಾರೆ. ಯಾರ ಕುರಿ ತಪ್ಪಿಸಿಕೊಂಡಿದೆ, ದನದ ಡಾಕ್ಟರು ಯಾವಾಗ ಬರುತ್ತಾರೆ, ಯಾರ ಮನೆಯಲ್ಲಿ ಗಂಡು ಹುಟ್ಟಿತು, ಯಾರು ಹೋದರು. ನಾವು ಕೇಳಬಹುದು, ಉತ್ತರ ಕೊಡಲಾಗುವುದಿಲ್ಲ. ಹಿಮ ಬಿದ್ದು ಘಾಟಿ ಮುಚ್ಚಿತೆಂದರೆ ಏಪ್ರಿಲ್‌ವರೆಗೆ ನಮಗೂ ಊರಿಗೂ ಇರುವ ಸಂಬಂಧ ಆ ತಂತಿ ಒಂದೇ.

ಜೂರಾಳ ತಾಯಿ ಸುಗ್ಗಿ ಮುಗಿದಾಗಿನಿಂದ ಹಾಸಿಗೆ ಹಿಡಿದಿದ್ದಳು. ನಾವು ಮಂದೆ ಹೊಡೆದುಕೊಂಡು ಮೇಲೆ ಬರುವಾಗ ಜೂರಾಳ ಅಣ್ಣ ತೊಕ್ತೊಸುನ್ ದಾರಿಯಲ್ಲಿ ಸಿಕ್ಕಿ, "ಏನೇ ಇದ್ರೂ ಮಧ್ಯಾಹ್ನದ ರೇಡಿಯೋದಲ್ಲಿ ಓದಿಸ್ತೀನಿ ತಂಗಿ, ದಿನಾ ಕೇಳ್ತಿರು" ಅಂದಿದ್ದ. ಆವತ್ತಿನಿಂದ ಅವಳು ಮಧ್ಯಾಹ್ನವಾದರೆ ಹಿಟ್ಟಿನ ಕೈಯಲ್ಲೇ ಬಂದು ರೇಡಿಯೋ ಮುಂದೆ ಕೂರುತ್ತಿದ್ದಳು, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು. ಏಳು ತಿಂಗಳು ತುಂಬಿತ್ತು. ಅದಕ್ಕೆ ಮುಂಚೆ ಎರಡು ಬಸಿರು ನಿಂತಿರಲಿಲ್ಲ.

ಆ ಮಂಗಳವಾರ ಒಂದು ಕುರಿ ದಿನಕ್ಕೆ ಮುಂಚೆಯೇ ಈಯಲು ಶುರುಮಾಡಿತು. ಜೂರಾ ಮತ್ತು ನನ್ನ ಮಗ ಕುಬಾತ್ ದೊಡ್ಡಿಯಲ್ಲಿದ್ದರು. ಒಳಗೆ ನಾನೊಬ್ಬಳೇ ಹಿಟ್ಟು ನಾದುತ್ತಿದ್ದೆ. ಓದುವವನು ಕಳೆದುಹೋದ ಕುದುರೆಯ ಗುರುತು ಹೇಳಿ ಮುಗಿಸಿ, ಅದೇ ದನಿಯಲ್ಲಿ, ಮಂಬೆತಾಲಿಯವರ ಬೀಡಿನಲ್ಲಿರುವ ಜೂರಾಳಿಗೆ ಅಂತ ಶುರುಮಾಡಿದ. ತಾಯಿ ತೀರಿಕೊಂಡರು, ಗುರುವಾರ ಮಣ್ಣು. ಅಷ್ಟೇ. ಆಮೇಲೆ ಲಸಿಕೆಯ ವಿಷಯಕ್ಕೆ ಹೋದ. ನಾನು ಕೈ ತೊಳೆದುಕೊಂಡು ಹೊರಗೆ ಹೋಗಿ ಕ್ಯಾನು ಬೋರಲು ಹಾಕಿದೆ.

ಸಂಜೆ ಕುರಿಗಳಿಗೆ ಹುಲ್ಲು ಹಾಕುವಾಗ ಅಪ್ಪ ಮಗ ಇಬ್ಬರಿಗೂ ಹೇಳಿದೆ. ಕುಬಾತ್ ಹುಲ್ಲಿನ ಹೊರೆ ಕೆಳಗೆ ಹಾಕಿ ನನ್ನ ಕಡೆ ತಿರುಗಿದ. ನಮ್ಮಲ್ಲಿ ತಾಯಿಗೂ ಅತ್ತೆಗೂ ಅಪಾ ಅನ್ನುತ್ತಾರೆ, ತಂದೆಗೂ ಮಾವನಿಗೂ ಅತಾ.

"ಹೇಳ್ಬಿಡೋಣ ಅಪಾ. ಅವಳ ಮುಖ ಹೇಗೆ ನೋಡ್ಲಿ ನಾನು?"

"ನೋಡ್ಬೇಡ. ಕುರಿ ಮುಖ ನೋಡು. ಹೇಳಿದ್ರೆ ಆ ಕ್ಷಣಕ್ಕೆ ಹೊರಡ್ತಾಳೆ. ಹೆತ್ತ ತಾಯಿ ಸತ್ತಾಗ ತವರ ಬಾಗಿಲಿಗೆ ಅಳ್ತಾ ಹೋಗದ ಮಗಳು ಯಾವಳಾದ್ರೂ ಇದ್ದಾಳಾ? ಘಾಟಿಯಲ್ಲಿ ಎದೆ ಮಟ್ಟ ಹಿಮ. ಹಿಂದೊಂದು ಸಲ ಹಾಗೆ ಹೊರಟ ಹೆಂಗಸಿನ ಹೆಣ ಹಿಮ ಕರಗಿದ ಮೇಲೆ ಸಿಕ್ತು, ನೆನಪಿದೆಯಾ?"

"ನಾನು ತಡೀತೀನಿ."

"ನೀನಾ? ನಿನ್ನ ಕೈಲಿ ಟಗರನ್ನೇ ತಡೆಯೋಕಾಗಲ್ಲ."

ಮುದುಕ ಗಡ್ಡ ಕೆರೆದುಕೊಂಡು, "ಹಾಗೆಲ್ಲ ಹೇಳೋದೂ ತಪ್ಪು" ಅಂದ. "ಸಾವಿನ ಸುದ್ದಿನ ಹಿರಿಯರು ಕೂತು, ಸುತ್ತಿ ಬಳಸಿ, ಮೆತ್ತಗೆ ಕಿವಿಗೆ ಹಾಕ್ಬೇಕು. ಹೆಂಗಸರು ಇಬ್ರು ಮಗ್ಗುಲಲ್ಲಿ ಹಿಡ್ಕೊಂಡಿರಬೇಕು. ನಾನೊಬ್ಬ ಏನು ಹೇಳ್ಲಿ? ಕೆಳಗಿನ ಬೀಡಿಂದ ಬೊರುಬಾಯ್ ಬರಲಿ. ಅವನಿಗೆ ಮಾತು ಗೊತ್ತು."

"ಬೊರುಬಾಯ್ ಬರ್ಲಿ, ಆದ್ರೆ ಹೆರಿಗೆ ಆದ್ಮೇಲೆ ಬರ್ಲಿ" ಅಂದೆ. ನನ್ನ ಮಾತೇ ನಡೆಯಿತು. ಈ ಮನೆಯಲ್ಲಿ ನನ್ನ ಮಾತು ನಡೆಯುವುದು ಬೇರೆಯವರಿಗೆ ಮಾತಾಡುವ ಧೈರ್ಯ ಇಲ್ಲದಾಗ ಮಾತ್ರ.

ಊಟಕ್ಕೆ ಕೂತಾಗ ಜೂರಾ ರೇಡಿಯೋದ ಕಿವಿ ತಿರುಗಿಸಿದಳು. ಸರಸರ. ಹೊರಗೆ ಹೋಗಿ ಕತ್ತೆತ್ತಿ ನೋಡಿ ಬಂದಳು.

"ಸೂರಿನ ಹತ್ರ ಸೇರಿಕೆ ಮುರಿದಿದೆ ಅಪಾ. ನಾಳೆ ಸರಿ ಮಾಡ್ತೀನಿ. ಇವತ್ತು ಮಧ್ಯಾಹ್ನ ನೀವು ಕೇಳಿದ್ರಾ?"

"ಕುದುರೆ ಕಳ್ಕೊಂಡಿದ್ದಾನಂತೆ ಯಾವನೋ" ಅಂದೆ. ಅದು ಸುಳ್ಳಲ್ಲ.

"ನಮಗೇನೂ ಇರ್ಲಿಲ್ವಾ?"

"ಸೂಪು ಆರ್ತಿದೆ, ಕುಡಿ."

ಕುಬಾತ್ ಬಟ್ಟಲು ಹಾಗೇ ಬಿಟ್ಟು ಕುರಿ ನೋಡಿ ಬರುತ್ತೇನೆ ಅಂತ ಎದ್ದ. ಆವತ್ತಿನಿಂದ ಅವನಿಗೆ ಕುರಿಗಳ ಮೇಲೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು.

ಗುರುವಾರ ನಾನು ಬಾಣಲೆಗೆ ಎಣ್ಣೆ ಸುರಿದು ಏಳು ರೊಟ್ಟಿ ಕರಿದೆ. ಸತ್ತವರಿಗೆ ಕರಿದ ವಾಸನೆ ಮುಟ್ಟಬೇಕು, ಅದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಆದರೆ ನಾನು ಎಣ್ಣೆಗೆ ಕೈ ಬಿಗಿ ಹಿಡಿಯುವವಳು ಅಂತ ಸೊಸೆಗೆ ಗೊತ್ತು.

"ಯಾರಿಗೆ ಅಪಾ ಇವತ್ತು?"

"ನಮ್ಮವ್ವನಿಗೆ. ಕನಸಲ್ಲಿ ಬಂದಿದ್ಲು."

"ಪಾಪ" ಅಂದಳು. ರೊಟ್ಟಿ ಮುರಿದು, ಅಂಗೈ ಎತ್ತಿ ಮುಖ ಸವರಿಕೊಂಡು, ನಮ್ಮವ್ವನಿಗೆ ಸ್ವರ್ಗ ಸಿಗಲಿ ಅಂತ ಹರಸಿ, ಬಸುರಿಯ ಹಸಿವಿನಲ್ಲಿ ಎರಡು ರೊಟ್ಟಿ ತಿಂದಳು. ನನ್ನ ಪಾಲನ್ನೂ ಅವಳ ಮುಂದಕ್ಕೆ ಸರಿಸಿದೆ.

ನಾಲ್ಕು ದಿನ ಹಿಮ ಸುರಿಯಿತು. ಐದನೇ ದಿನ ಆಕಾಶ ತೆರೆಯಿತು, ಜೂರಾ ಏಣಿ ತಂದಳು. "ಹೊಟ್ಟೆ ಹೊತ್ಕೊಂಡು ಏಣಿ ಹತ್ತೀಯಾ? ಇಳಿಯೇ ಕೆಳಗೆ!" ಅಂತ ನಾನು ಕೂಗಿಕೊಂಡೆ. ಆ ಗಲಾಟೆಗೆ ಮುದುಕ ಹೊರಗೆ ಬಂದ. ಸೊಸೆಯ ಕೈಯಿಂದ ಇಕ್ಕಳ ತೆಗೆದುಕೊಂಡ.

"ತಂತಿ ಕಟ್ಟಿದವನು ನಾನು, ಸರಿ ಮಾಡೋನೂ ನಾನೇ. ಮಗಳೇ, ಹೋಗಿ ಆ ಬಾಲದ ಕೊಬ್ಬು ತಗೊಂಡು ಬಾ."

ನನ್ನ ಗಂಡನಿಗೆ ಕುರಿಬಾಲದ ಕೊಬ್ಬು ಅಂದರೆ ಸರ್ವರೋಗಕ್ಕೂ ಮದ್ದು. ಕೆಮ್ಮಿಗೆ ಅದೇ, ಒಡೆದ ಹಿಮ್ಮಡಿಗೆ ಅದೇ, ಜೀನಿನ ಚರ್ಮಕ್ಕೆ ಅದೇ. ಚಳಿಗಾಲಕ್ಕೆ ಅಂತ ಉಪ್ಪು ತುಂಬಿಟ್ಟ ಕೊಬ್ಬು ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ. ಜೂರಾ ತಂದಳು, ಆದರೆ ಕೊಡಲು ಹಿಂದೆಮುಂದೆ ನೋಡಿದಳು.

"ಅತಾ, ತಂತಿನ ಮೊದ್ಲು ಕೆರೆದು..."

"ಏನು ಕೆರೆಯೋದು? ಕೊಬ್ಬು ಹಚ್ಚಿದ ಮೇಲೆ ನೀರು ಹತ್ರ ಬರುತ್ತಾ? ಬಾತುಕೋಳಿ ನೋಡಿಲ್ವಾ ನೀನು?"

ಮಾವನ ಮಾತಿಗೆ ಎದುರಾಡುವ ಸೊಸೆ ನಮ್ಮಲ್ಲಿಲ್ಲ. ಅವಳು ಕೊಬ್ಬು ಕೊಟ್ಟಳು. ಮುದುಕ ಎರಡೂ ತುದಿಗೆ ಕೊಬ್ಬು ಮೆತ್ತಿ, ಆಮೇಲೆ ಹೊಸೆದು, ಮೇಲೆ ಇನ್ನಷ್ಟು ಕೊಬ್ಬು ಬಳಿದು, ಕಂಬಳಿ ಚೂರು ಸುತ್ತಿ, ದಾರ ಕಟ್ಟಿ ಇಳಿದ. ಮಗುವಿಗೆ ಚೆಂದದ ಟೋಪಿ ಹಾಕಿದವನ ಹಾಗೆ ನಿಂತು ನೋಡಿದ. ಒಳಗೆ ರೇಡಿಯೋ ಹಾಕಿದರೆ ಸರಸರ, ಜೊತೆಗೆ ಒಂದು ಗೊರಗೊರ.

ಒಬ್ಬನೇ ಸಿಕ್ಕಾಗ ನಾನು ಬೆನ್ನು ತಟ್ಟಿದೆ. "ಮುದುಕಾ, ನಿನಗೂ ಬುದ್ಧಿ ಇದೆ ಅಂತ ನಲವತ್ತೈದು ವರ್ಷದಲ್ಲಿ ಇವತ್ತು ಗೊತ್ತಾಯ್ತು. ಒಳ್ಳೇ ಉಪಾಯ ಮಾಡ್ದೆ."

ಅವನು ಕಣ್ಣು ಮಿಟುಕಿಸಿದ. "ಏನು ಉಪಾಯ?"

"ಅದೇ, ಕೊಬ್ಬು."

"ಲೇ ಮುದುಕಿ, ಕೊಬ್ಬು ಒಳ್ಳೇದು ಕಣೇ! ನಾಳೆ ಹೊತ್ತಿಗೆ ಹಿಡ್ಕೊಳ್ಳುತ್ತೆ, ನೋಡ್ತಿರು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನ ದಡ್ಡತನದಿಂದ ನನಗೆ ಉಪಕಾರ ಆದದ್ದು ಅದೇ ಮೊದಲು.

ಎರಡು ವಾರ ಹಾಗೇ ಕಳೆಯಿತು. ಮಾವ ಕಟ್ಟಿದ್ದನ್ನು ಸೊಸೆ ಬಿಚ್ಚಿದರೆ ಅವನ ಮುಖಕ್ಕೆ ಹೊಡೆದ ಹಾಗೆ. ಜೂರಾ ದಿನಾ ಮಧ್ಯಾಹ್ನ ಬಂದು ರೇಡಿಯೋಕ್ಕೆ ಕಿವಿ ಹಚ್ಚಿ ಕೂರುತ್ತಿದ್ದಳು. ಗೊರಗೊರದ ನಡುವೆ ಎಲ್ಲೋ ಒಂದು ಮಾತು ಹೊಳೆದರೆ ಕೈಯೆತ್ತಿ ನಮ್ಮನ್ನೆಲ್ಲ ಸುಮ್ಮನಿರಿಸುತ್ತಿದ್ದಳು. ನಾನು ಅದೇ ಹೊತ್ತಿಗೆ ಪಾತ್ರೆ ಉಜ್ಜುತ್ತಿದ್ದೆ, ಬೇಕಂತಲೇ, ಬೂದಿ ಹಾಕಿ ಕರಕರ ಅಂತ.

"ಅಪಾ, ಒಂದು ನಿಮಿಷ..."

"ಪಾತ್ರೆ ತಾನಾಗೇ ತೊಳ್ಕೊಳ್ಳುತ್ತಾ? ದಿನಾ ರೇಡಿಯೋ ರೇಡಿಯೋ ಅಂತ ಕೂತ್ರೆ ಬೆರಣಿ ಯಾರು ಒಳಗೆ ತರ್ತಾರೆ?"

ಅವಳು ಎದ್ದು ಬೆರಣಿ ತರಲು ಹೋದಳು. ನನಗೆ ನನ್ನ ಬಾಯಿಯ ಮೇಲೇ ಅಸಹ್ಯವಾಯಿತು. ಕೆಟ್ಟ ಅತ್ತೆ ಅಂತ ಹೆಸರು ಬಂದರೆ ಬರಲಿ, ಹುಡುಗಿ ಉಳಿದರೆ ಸಾಕು ಅಂತ ನನಗೆ ನಾನೇ ಹೇಳಿಕೊಂಡೆ. ದಿನವಿಡೀ ಮೈಯೆಲ್ಲ ಕಣ್ಣಾಗಿ ಇರುವುದು ಎಂಥ ದಣಿವು ಅಂತ ಮಾಡಿದವರಿಗೇ ಗೊತ್ತು. ಹಾಸಿಗೆಗೆ ಬಿದ್ದರೆ ಸೊಂಟಕ್ಕಿಂತ ನಾಲಿಗೆ ಹೆಚ್ಚು ನೋಯುತ್ತಿತ್ತು.

ಆಟ ಮುಗಿಸಿದ್ದು ನೀಲಿ ರೆಕ್ಕೆಯ ಕಳ್ಳಹಕ್ಕಿಗಳು, ನಮ್ಮ ತಿಪ್ಪೆಯ ಮೇಲೆ ಕಚಕಚ ಅಂತ ಕಿತ್ತಾಡುವವು. ಹಿಮದಲ್ಲಿ ಅವಕ್ಕೆ ತಿನ್ನಲು ಏನೂ ಇರಲಿಲ್ಲ. ಒಂದು ಬೆಳಿಗ್ಗೆ ನಾಲ್ಕು ಬಂದು ಸೂರಿಗೆ ಜೋತುಬಿದ್ದು ಕಂಬಳಿ ಹರಿದು, ಕೊಬ್ಬನ್ನೆಲ್ಲ ಕುಕ್ಕಿ ತಿಂದು, ತಂತಿಯನ್ನು ಬೋಳಾಗಿಸಿ ಹೋದವು. ಮುದುಕ ಪೊರಕೆ ಹಿಡಿದು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜೂರಾ ಕೆಳಗೆ ನಿಂತು ನೋಡಿದಳು. ಹೊಸೆದ ಜಾಗವೆಲ್ಲ ಹಸಿರುಗಟ್ಟಿತ್ತು.

"ಅತಾ, ನಿಮ್ಮ ಕೊಬ್ಬು ತಪ್ಪಲ್ಲ" ಅಂದಳು, ಬಹಳ ಮೆತ್ತಗೆ. "ಅದರಲ್ಲಿರೋ ಉಪ್ಪು ತಾಮ್ರನ ತಿಂದಿದೆ. ಈಗ ನೀವು ಅಪ್ಪಣೆ ಕೊಟ್ರೆ ನಮ್ಮಪ್ಪ ಮಾಡ್ತಿದ್ದ ಹಾಗೆ ನಾನು ಮಾಡ್ಲಾ?"

ಹಕ್ಕಿಗಳಿಂದ ಅವಮಾನ ಆದ ಮೇಲೆ ಇವನು ಏನು ತಾನೇ ಹೇಳಿಯಾನು? "ಮಾಡು" ಅಂದುಬಿಟ್ಟ. ನಾನು ಅವನ ಕಡೆ ನೋಡಿದ ನೋಟಕ್ಕೆ ಹಿಮ ಕರಗಬೇಕಿತ್ತು.

ಆವತ್ತೇ ಕುಬಾತ್‌ನನ್ನು ದೊಡ್ಡಿಯ ಹಿಂದೆ ಎಳೆದುಕೊಂಡು ಹೋದೆ. "ಕುದುರೆ ಹತ್ತು. ಬೊರುಬಾಯ್‌ನ ಕರ್ಕೊಂಡು ಬಾ. ಇನ್ನು ತಡೆಯೋಕಾಗಲ್ಲ. ರೇಡಿಯೋ ಮಾತಾಡೋಕೆ ಮುಂಚೆ ನಾವು ಮಾತಾಡ್ಬೇಕು."

ಅವನು ಹೋಗಿ ಮಾರನೇ ದಿನ ಒಬ್ಬನೇ ಬಂದ. ಬೊರುಬಾಯ್‌ಗೆ ಮಂಡಿ ಊದಿಕೊಂಡಿದೆಯಂತೆ, ಜೀನಿಗೆ ಕಾಲು ಎತ್ತಲಾಗುತ್ತಿಲ್ಲವಂತೆ. ಶುಕ್ರವಾರ ಹೇಗಾದರೂ ಹೆಂಡತಿಯ ಜೊತೆ ಬರುತ್ತೇನೆ ಅಂದನಂತೆ.

"ಶುಕ್ರವಾರದ ತನಕ ಅವಳ ಕೈ ಕಟ್ಟಿ ಹಾಕ್ಲಾ?"

"ನನ್ನನ್ನ ಯಾಕೆ ಬೈತೀಯ?" ಅಂದ ಕುಬಾತ್. "ಮೊದಲನೇ ದಿನಾನೇ ಹೇಳೋಣ ಅಂದೆ. ನೀನು ಕೇಳಿದ್ಯಾ? ನಾನು ಅವಳ ಮಗ್ಗುಲಲ್ಲಿ ಮಲಗ್ತೀನಿ ಅಪಾ. ಅಮ್ಮ ಈಗ ಎದ್ದು ಓಡಾಡ್ತಿರಬಹುದು ಅಲ್ವಾ ಅಂತ ಕೇಳ್ತಾಳೆ. ನಾನು ಹೂಂ ಅಂತೀನಿ. ಹೂಂ ಅಂತೀನಿ!"

ಅವನು ಬೆನ್ನು ತಿರುಗಿಸಿ ಕುದುರೆಯ ಜೀನು ಬಿಚ್ಚತೊಡಗಿದ. 

ಜೂರಾ ಸೋಮವಾರದಿಂದ ಸಾಮಾನು ಜೋಡಿಸಿದಳು. ಮಂಗಳವಾರ, ಬೆಸುಗೆ ಚೆನ್ನಾಗಿ ಹಿಡಿಯಲಿ ಅಂತ, ಫರ್ ಮರದ ಅಂಟು ಕೆರೆದು ತಂದಳು. ಅವಳ ಪೆಟ್ಟಿಗೆಯಲ್ಲಿ ಅಪ್ಪನ ಬೆಸುಗೆ ತಂತಿ ಒಂದು ಸುರುಳಿ ಇತ್ತು. ಬುಧವಾರ ಬೆಳಿಗ್ಗೆ ದಪ್ಪ ಮೊಳೆಯೊಂದನ್ನು ಬೆರಣಿ ಕೆಂಡದಲ್ಲಿ ಕಾಯಲು ಇಟ್ಟಳು.

"ಅಪಾ, ಏಣಿ ಹಿಡ್ಕೊಳ್ತೀರಾ?"

ಹಿಡಿದುಕೊಂಡೆ. ಇನ್ನೇನು ಮಾಡಲಿ, ಮೇಲೆ ನನ್ನ ಮೊಮ್ಮಗು ಇತ್ತು. ಅವಳು ಎರಡು ಮೆಟ್ಟಿಲು ಮಾತ್ರ ಹತ್ತಿ, ಹಸಿರುಗಟ್ಟಿದ್ದನ್ನು ಕತ್ತರಿಸಿ ಎಸೆದಳು. ಹೊಸ ತುದಿಗಳನ್ನು ಚಾಕುವಿನಿಂದ ಕೆಂಪಾಗುವವರೆಗೆ ಕೆರೆದಳು, ಒಂದರ ಮೇಲೊಂದು ಬಿಗಿಯಾಗಿ ಸುತ್ತಿದಳು. ಕೆಳಗಿಂದ ನಾನು ಕಾದ ಮೊಳೆ ಇಕ್ಕಳದಲ್ಲಿ ಕೊಟ್ಟೆ. ಅಂಟು ಹೊಗೆಯಾಡಿತು, ಬೆಸುಗೆ ಕರಗಿ ತಂತಿಯೊಳಗೆ ಇಳಿಯಿತು. ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದೆಳೆದು ಸುತ್ತಿ, ಮೇಣದಬತ್ತಿ ಕರಗಿಸಿ ಹನಿಸಿದಳು. ಕಿಟಕಿಗೆ ಬರುವ ಮುಂಚೆ ತಂತಿಯನ್ನು ಕೆಳಕ್ಕೆ ಜೋಲು ಬಿಟ್ಟು ಮತ್ತೆ ಮೇಲಕ್ಕೆ ತಂದಳು.

"ಇದ್ಯಾಕೆ ಹೀಗೆ ಜೋಲು?"

"ಹಿಮ ಕರಗಿ ನೀರು ತಂತಿ ಹಿಡ್ಕೊಂಡು ಬರುತ್ತಲ್ಲ ಅಪಾ, ಇಲ್ಲಿ ತೊಟ್ಟಿಕ್ಕುತ್ತೆ. ಒಳಗೆ ಬರಲ್ಲ. ಇನ್ನು ಹತ್ತು ವರ್ಷ ಇದಕ್ಕೆ ಏನೂ ಆಗಲ್ಲ."

ಹತ್ತು ವರ್ಷ! ನನ್ನ ಮುರುಕು ಕೆಲಸ ಒಂದು ತಿಂಗಳಿಗೂ ಗಟ್ಟಿ ಇರಲಿಲ್ಲ. ಅವಳ ಕೈಕೆಲಸ ನೋಡಿ ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು.

ಒಳಗೆ ಬಂದು ಟೀ ಸುರಿದಳು. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. "ಬ್ಯಾಟರಿ ಸತ್ತಿದೆ ಅನ್ಸುತ್ತೆ" ಅಂದೆ.

"ಬೆಳಿಗ್ಗೆಯಿಂದ ಒಲೆ ಅಂಚಲ್ಲಿ ಬೆಚ್ಚಗಿಟ್ಟಿದ್ದೀನಿ ಅಪಾ. ಬರುತ್ತೆ."

ಅವಳು ರೇಡಿಯೋದ ಕಡೆ ಕೈ ಚಾಚಿದಳು. ನಾನು ಅದರ ಕಿವಿಯನ್ನು ಹಿಡಿದುಕೊಂಡುಬಿಟ್ಟೆ.

"ಇವತ್ತು ಬೇಡ."

"ಯಾಕೆ?"

"ಶುಕ್ರವಾರ ಹಾಕೋಣ."

"ಶುಕ್ರವಾರ ಏನಿದೆ?" ನಕ್ಕಳು. "ಕೈ ತೆಗೀರಿ ಅಪಾ, ಹೊತ್ತಾಯ್ತು."

ನಾನು ತೆಗೆಯಲಿಲ್ಲ. ಅವಳ ನಗು ನಿಧಾನವಾಗಿ ಹೋಯಿತು. ಮುದುಕ ಬಾಗಿಲ ಹತ್ತಿರ ನಿಂತಿದ್ದ. ಅವನಾದರೂ ಏನಾದರೂ ಹೇಳಲಿ ಅಂತ ನೋಡಿದೆ. ಅವನು ನೆಲ ನೋಡಿದ. ಹಿರಿಯರಿಲ್ಲ, ಹಿಡಿದುಕೊಳ್ಳಲು ಹೆಂಗಸರಿಲ್ಲ, ಸುತ್ತಿ ಬಳಸಿ ಹೇಳುವ ಮಾತು ನನಗೆ ಬಾರದು.

"ನಿಮ್ಮವ್ವ ಹೋದ್ಲು, ಮಗಳೇ" ಅಂದೆ.

ಅವಳು ಅಳಲಿಲ್ಲ. "ಯಾವಾಗ?"

"ನಿನ್ನೆಗೆ ನಾಲ್ಕು ವಾರ."

"ಯಾರು ಹೇಳಿದ್ರು?"

"ರೇಡಿಯೋ. ನಾನೊಬ್ಳೇ ಇದ್ದೆ."

"ತಂತಿ..."

"ನಾನೇ ಮುರಿದೆ. ನೀನು ಹೊರಟುಬಿಡ್ತೀಯ ಅಂತ."

ನನ್ನ ಕೈ ಇನ್ನೂ ರೇಡಿಯೋದ ಮೇಲೇ ಇತ್ತು. ಅವಳು ಅದನ್ನು ಎತ್ತಿ, ಪಕ್ಕಕ್ಕೆ ಇಟ್ಟು, ಕಿವಿ ತಿರುಗಿಸಿದಳು. ಓದುವವನ ದನಿ ಮನೆಯೊಳಗೇ ಕೂತು ಮಾತಾಡಿದಷ್ಟು ಸ್ವಚ್ಛವಾಗಿ ಬಂತು. ದನದ ಡಾಕ್ಟರು, ಹುಲ್ಲಿನ ಲಾರಿ, ಒಂದು ಮದುವೆ. ಆಮೇಲೆ:

"ಮಂಬೆತಾಲಿಯವರ ಬೀಡಿನಲ್ಲಿರುವ ಜೂರಾಳಿಗೆ ಅಣ್ಣ ತೊಕ್ತೊಸುನ್ ಹೇಳಿಸಿದ್ದು. ಪ್ರತಿ ಬುಧವಾರ ಓದುತ್ತಿದ್ದೇವೆ, ಇವತ್ತಿಗೆ ಐದನೇ ಸಲ. ತಂಗಿ, ಘಾಟಿ ದಾಟಬೇಡ. ಅಮ್ಮ ಕಡೆಯ ದಿನ ಎಚ್ಚರವಾಗಿದ್ದಳು. ಜೂರಾ ಹೊರಡಕೂಡದು, ಮಗು ಕೈಗೆ ಬಂದ ಮೇಲೆ ಬಂದು ಅಳಲಿ, ಅಲ್ಲಿಯ ತನಕ ಅವಳ ಅತ್ತೆ ಇದ್ದಾಳೆ, ನನಗೆ ಚಿಂತೆಯಿಲ್ಲ ಅಂದಳು. ನಲವತ್ತನೇ ದಿನದ ಊಟವನ್ನು ದಾರಿ ತೆರೆಯುವ ತನಕ ಮುಂದಕ್ಕೆ ಹಾಕಿದ್ದೇವೆ. ನೀನಿಲ್ಲದೆ ಮಾಡುವುದಿಲ್ಲ."

ಐದನೇ ಸಲ. ಅಂದರೆ ನಾನು ತಂತಿ ಮುರಿದ ಮಾರನೇ ದಿನವೇ ಮೊದಲ ಸಲ ಓದಿದ್ದರು. ಹುಡುಗಿಯನ್ನು ಹಿಡಿದು ನಿಲ್ಲಿಸುವ ಮಾತು ಅವಳ ತಾಯಿಯ ಬಾಯಿಂದಲೇ ಬರುತ್ತಿತ್ತು. ಒಂದೇ ಒಂದು ದಿನ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು.

ಜೂರಾ ರೇಡಿಯೋ ಆರಿಸಿದಳು. ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಕೂತಳು, ಎರಡೂ ಕೈ ಸೊಂಟಕ್ಕೆ ಊರಿ ದನಿ ಎತ್ತಿದಳು. ನಮ್ಮಲ್ಲಿ ಹೆಣ್ಣು ಸಾವಿಗೆ ಹಾಡಿ ಅಳುವಾಗ ಯಾರನ್ನು ಏನು ಬೇಕಾದರೂ ಅನ್ನಬಹುದು. ಗಂಡನನ್ನಾಗಲಿ ಮಾವನನ್ನಾಗಲಿ ದೇವರನ್ನಾಗಲಿ. ಯಾರೂ ತಡೆಯುವಂತಿಲ್ಲ, ಉತ್ತರ ಕೊಡುವಂತಿಲ್ಲ. ನಾಲ್ಕು ವರ್ಷದಲ್ಲಿ ನನ್ನೆದುರು ಒಂದು ಮಾತು ಜೋರಾಗಿ ಆಡದ ಹುಡುಗಿ ಗಂಟಲು ಬಿಚ್ಚಿ ಹಾಡಿದಳು.

"ಬೆಟ್ಟ ಬೆಟ್ಟಕೆಲ್ಲ ನಿನ್ನ ಹೆಸರ ಕೂಗಿದರವ್ವ,
ಕುರಿ ಕಾಯೋರು ಕೇಳಿದರು, ಕುದುರೆ ಕಾಯೋರು ಕೇಳಿದರು.
ಹೆತ್ತ ಮಗಳೊಬ್ಬಳೇ ಕೇಳಲಿಲ್ಲವ್ವ,
ಮುರಿದ ಕೈಯಿ ಮನೆಯೊಳಗಿತ್ತು, ಗಾಳಿಯ ಮೇಲೆ ತಪ್ಪಿತ್ತು.
ಅತ್ತೆ ಇದ್ದಾಳೆ ಅಂದೆಯಲ್ಲವ್ವ, ಚಿಂತೆಯಿಲ್ಲ ಅಂದೆಯಲ್ಲ..."

ಮುದುಕ ಟೋಪಿ ತೆಗೆದ. ಕುಬಾತ್ ದನಿ ಕೇಳಿ ಓಡಿ ಬಂದು ಹೊಸ್ತಿಲಲ್ಲೇ ನಿಂತ. ನನ್ನ ಬಾಯಿತುಂಬ ಉತ್ತರಗಳಿದ್ದವು. ಹಿಮ, ಘಾಟಿ, ಹೊಟ್ಟೆ, ಹಿಂದೆ ಹೋದ ಎರಡು. ಒಂದನ್ನೂ ಆಡುವಂತಿರಲಿಲ್ಲ. ಸಾವಿನ ಮನೆಯಲ್ಲಿ ಅಳುವವಳನ್ನು ಒಬ್ಬಳೇ ಅಳಲು ಬಿಡುವಂತೆಯೂ ಇರಲಿಲ್ಲ. ಅವಳ ಪಕ್ಕಕ್ಕೆ ಹೋಗಿ, ಅದೇ ಗೋಡೆಗೆ ಮುಖ ಮಾಡಿ, ಸೊಂಟಕ್ಕೆ ಕೈ ಊರಿ ಕೂತೆ. ಅವಳು ಆ ಕಡೆ ಸರಿಯಲಿಲ್ಲ, ಈ ಕಡೆ ವಾಲಲಿಲ್ಲ. ಒಂದೊಂದು ಸಾಲಿನಲ್ಲೂ ನನ್ನನ್ನು ಬೈಯುತ್ತ ಹೋದಳು. ಸಾಲು ಮುಗಿದಾಗ ಜೊತೆಯವಳು ದನಿಗೂಡಿಸಬೇಕು. ನಾನು ದನಿಗೂಡಿಸಿದೆ.